ಇವರು ಮರೆತ ಜಗಳ

ಜೂನ್ 3, ಮಂಗಳವಾರ

ಬೆಳಿಗ್ಗೆ ಇವರಿಗೆ ಚಹಾ ಕೊಟ್ಟೆ. ಕುಡಿದರು. ಲೋಟ ತೊಳೆಯುವಷ್ಟರಲ್ಲಿ, "ಜಹಾನಾರಾ, ಇವತ್ತು ಚಹಾ ಇಲ್ವಾ?" ನಿನ್ನೆ ಗ್ಯಾರೇಜಿನಲ್ಲಿ ಬೈಕೊಂದರ ಬ್ರೇಕ್ ಬಿಚ್ಚಿ, ಜೋಡಿಸದೆ ಮನೆಗೆ ಬಂದಿದ್ದಾರೆ. ಗಿರಾಕಿಯೇ ನೋಡಿದನಂತೆ, ಇಲ್ಲದಿದ್ದರೆ... ಎದುರುಮನೆ ಜಲಜಮ್ಮ, "ಹಯಾತ್ ಸಾಹೇಬ್ರಿಗೂ ವಯಸ್ಸಾಯ್ತಲ್ಲ ಮಾರಾಯ್ತಿ" ಅಂದರು. ಐವತ್ತೆಂಟಕ್ಕೇ?

ಜೂನ್ 6

ಮೊಬೈಲಿನಲ್ಲಿ ಮರೆವಿನ ಬಗ್ಗೆ ಓದಿದೆ. ಥೈರಾಯ್ಡ್, ಬಿ12, ನಿದ್ದೆಗೇಡು, ಅಲ್ಝೈಮರ್ಸ್... ಓದಬಾರದಿತ್ತು. ಎಲ್ಲವೂ ಇವರಿಗೇ ಬಂದಿರುವ ಹಾಗೆ ಕಾಣುತ್ತದೆ.

ಜೂನ್ 11, ಮಧ್ಯಾಹ್ನ

ನಮಾಜಿಗೆ ಹೋದವರು ಬರಲಿಲ್ಲ. ಫೋನ್ ಮನೆಯಲ್ಲೇ. ಕೋಟೆ, ಬಸ್ ಸ್ಟ್ಯಾಂಡ್ ಹುಡುಕಿದೆ. ಆಗ ಗೊತ್ತಿಲ್ಲದ ನಂಬರಿನಿಂದ ಫೋನ್. "ಭಾಬಿ, ನಾನು ಜಾಹಿದ್."

ಭದ್ರಾವತಿಯ ಮೈದುನ. ಅತ್ತೆ ತೀರಿಕೊಂಡಾಗ ಇವರು ತಲುಪುವ ಮೊದಲೇ ದಫನ್ ಮುಗಿಸಿದ್ದ. ಅಂದಿನಿಂದ ಅಣ್ಣತಮ್ಮಂದಿರಿಗೆ ಮಾತಿಲ್ಲ.

"ಭಾಯಿ ಬಸ್ ಹತ್ತಿ ಇಲ್ಲಿಗೆ ಬಂದಿದಾರೆ. ನನ್ನ ತಬ್ಕೊಂಡ್ರು. ಅಮ್ಮಿ ಎಲ್ಲಿ ಅಂತ ಕೇಳ್ತಿದಾರೆ... ನಾನೇನು ಹೇಳ್ಲಿ?"

ಹೊರಟಿದ್ದೇನೆ.

ಜೂನ್ 12

ಜಾಹಿದನೇ ಕಾರಿನಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಕರೆತಂದ. ತಲೆಗೆ ಪೆಟ್ಟು ಬಿದ್ದಿತ್ತಾ ಅಂತ ಡಾಕ್ಟರ್ ಕೇಳಿದರು. ಹೋದ ತಿಂಗಳು ಬಚ್ಚಲಲ್ಲಿ ಜಾರಿದ್ದರು. ಸಣ್ಣ ಬುಗುಟು, ಅಷ್ಟೇ ಅಂದುಕೊಂಡಿದ್ದೆ. ಸ್ಕ್ಯಾನ್ ಆಯಿತು — ಬುರುಡೆಯೊಳಗೆ ನಿಧಾನಕ್ಕೆ ರಕ್ತ ಸೇರಿ ಮೆದುಳನ್ನು ಒತ್ತುತ್ತಿದೆ.

"ಎಲ್ಲ ಮರೆವೂ ವಯಸ್ಸಿಂದ ಬರೋದಲ್ಲಮ್ಮ. ಇದನ್ನ ತೆಗೀಬಹುದು. ನೆನಪು ವಾಪಸ್ ಬರೋ ಸಾಧ್ಯತೆ ಜಾಸ್ತಿ."

ಜಾಹಿದ್ ತಲೆ ತಗ್ಗಿಸಿದ. "ಎಲ್ಲಾನೂ ಬರುತ್ತಾ ಡಾಕ್ಟ್ರೇ?"

ಜೂನ್ 15, ಭಾನುವಾರ

ಆಪರೇಷನ್ ಆಗಿ ಎರಡು ದಿನ. ಇವತ್ತು ನೆಟ್ಟಗೆ ನನ್ನನ್ನೇ ನೋಡಿ, "ಗ್ಯಾರೇಜ್ ಬೀಗದ ಕೈ ಯಾರ ಹತ್ರ ಇದೆ?" ಅಂದರು. ಅತ್ತುಬಿಟ್ಟೆ. ಬೆರಳು ಮಡಚಿ ಎಣಿಸಿದರು. "ಅಮ್ಮಿ ಹೋಗಿ ಏಳು ವರ್ಷ ಆಯ್ತಲ್ಲ." ಹೌದು ಅಂದೆ. "ನನ್ನ ಇಲ್ಲಿಗೆ ತಂದಿದ್ದು ಯಾರು?"

ಹೇಳಿದೆ. ಗೋಡೆಗೆ ಮುಖ ತಿರುಗಿಸಿದರು.

ಜಾಹಿದ್ ಹೊರಗೆ ಬೆಂಚಿನ ಮೇಲೇ ಇದ್ದಾನೆ, ಬಂದ ದಿನದ ಅದೇ ಶರ್ಟು. ಒಳಗೆ ಬಾ ಅನ್ನಲು ಧೈರ್ಯವಿಲ್ಲ. ಹೋಗು ಅನ್ನಲು ಬಾಯಿ ಬರುವುದಿಲ್ಲ. ವಾಸಿಯಾಗಲಿ ಅಂತ ಬೇಡಿದವಳು ನಾನೇ. ಈಗ ಯಾಕೋ ಹೆದರಿಕೆ.

ಸಂಜೆ

"ಅವತ್ತು ಯಾಕೆ ಕಾಯ್ಲಿಲ್ಲ ಅಂತ ನಾನು ಒಂದ್ಸಲನೂ ಕೇಳ್ಲಿಲ್ಲ. ಕರಿ ಅವನ್ನ," ಅಂದರು ಇವರು.

ಕರೆದೆ. ಜಾಹಿದ್ ಬಾಗಿಲಲ್ಲೇ ನಿಂತ. "ಕೂತ್ಕೋ," ಅಂದರು, ಮಂಚದ ಅಂಚು ತೋರಿಸಿ. ನಾನು ಕಾರಿಡಾರಿಗೆ ಬಂದೆ. ಒಳಗೆ ಜಾಹಿದ್ ಅಳುತ್ತಾ ಏನೋ ಹೇಳುತ್ತಿದ್ದಾನೆ. ಇವರು ತಡೆಯುತ್ತಿಲ್ಲ, ಬೈಯುತ್ತಲೂ ಇಲ್ಲ. ಈಗ ಇವರ ದನಿ... ಮೆಲ್ಲಗೆ, "ನಾನೂ ಆ ರಾತ್ರಿ ತಡವಾಗಿ ಹೊರಟೆ ಕಣೋ."