ಖಾಲಿ ಹೋಗಿ ಖಾಲಿ ಬಂದ ಚೀಲ

ಮನೆಯಿಂದ
ಹನ್ನೆರಡನೇ ತಾರೀಖು, ಮಂಗಳವಾರ ಸಂಜೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ನೆಗಡಿ ಬಿಟ್ಟಿತೇ? ವಾರ್ಡಿನಲ್ಲಿ ದಿನವಿಡೀ ನಿಂತೇ ಇರಬೇಕು ಅಂತ ಬರೆದಿದ್ದೆಯಲ್ಲ, ಕಾಲು ಊದಿದ್ದರೆ ಮಲಗುವಾಗ ದಿಂಬಿನ ಮೇಲೆ ಇಟ್ಟುಕೋ. ನರ್ಸಿಂಗ್ ಓದುವವಳಿಗೆ ಬಟ್ಟೆ ಹೊಲಿಯುವವಳು ಮದ್ದು ಹೇಳುತ್ತಿದ್ದಾಳೆ ಅಂತ ನಗಬೇಡ. ಸಡಿಲವಾಗಿದೆ, ಸೊಂಟದ ಹತ್ತಿರ ಹಿಡಿದು ಹೊಲಿದುಕೊಡು ಅಂತ ನೀನು ಕಳಿಸಿದ್ದ ಸಮವಸ್ತ್ರ ಈ ಪೊಟ್ಟಣದಲ್ಲೇ ಇದೆ. ನಾನು ಚೆನ್ನಾಗಿದ್ದೇನೆ. ಈ ಮಾತನ್ನು ಈ ಸಲ ನಿಜವಾಗಿಯೇ ಬರೆಯುತ್ತಿದ್ದೇನೆ. ಹಿಂದಿನ ಎರಡು ಕಾಗದಗಳಲ್ಲಿ ಬರೆದದ್ದು ಸುಳ್ಳು. ಮೂಗಿನ ತುದಿಯಲ್ಲಿರುವ ನಿನ್ನ ಕೋಪವನ್ನು ಸ್ವಲ್ಪ ಪಕ್ಕಕ್ಕಿಟ್ಟು ಕೊನೆಯವರೆಗೂ ಓದು.

ಹೊಲಿಗೆ ಅಂಗಡಿ ಮುಚ್ಚಿದ್ದು ನಿನಗೆ ಗೊತ್ತು. ಮನೆಯಲ್ಲೇ ಕೈತುಂಬ ಕೆಲಸವಿದೆ ಅಂತ ನಿನಗೆ ಬರೆದೆ. ಕೈತುಂಬ ಇದ್ದದ್ದು ಬಿಡುವು. ಅಕ್ಕಿ ಡಬ್ಬದ ತಳ ಕೆರೆಯುವ ಸದ್ದು ಗೋಡೆಯಾಚೆ ಕೇಳಿಸೀತು ಅಂತ ಪಾವು ಬಿಟ್ಟು ಕೈಯಲ್ಲೇ ಬಾಚಿಕೊಳ್ಳುತ್ತಿದ್ದೆ ನೋಡು, ಅಷ್ಟು ಬಿಂಕ ನಿನ್ನ ಅಮ್ಮನಿಗೆ. ಗೋಡೆಗೆ ಕಿವಿಯಿತ್ತೋ ಏನೋ, ಪಕ್ಕದ ಮನೆಯ ಅಜ್ಜಿ ಒಂದು ದಿನ ತಾವಾಗಿಯೇ ಮಾತು ತೆಗೆದರು. ಗ್ರಂಥಾಲಯದ ಹಿಂದಿನ ಗೋದಾಮಿನಲ್ಲಿ ಆಹಾರ ಭಂಡಾರ ಅಂತ ಒಂದಿದೆ, ಮಂಗಳವಾರ ಯಾರು ಬೇಕಾದರೂ ಹೋಗಿ ದಿನಸಿ ತರಬಹುದು, ದುಡ್ಡು ಕೊಡುವ ಹಾಗಿಲ್ಲ ಅಂದರು.

ನಾನೇ ಹೊಲಿದ ನೀಲಿ ಚೀಲವನ್ನು ಚಿಕ್ಕದಾಗಿ ಮಡಚಿ ಕಂಕುಳಲ್ಲಿ ಸಿಕ್ಕಿಸಿಕೊಂಡು ಹೋದೆ. ಸಾಲಿನಲ್ಲಿ ಗುರುತಿನವರು ಯಾರಾದರೂ ಇದ್ದರೆ ಅಂತ ಪಕ್ಕದ ಬಾಗಿಲಿಗೆ ಹೋದೆ. ಅದು ಕೆಲಸ ಮಾಡಲು ಬರುವವರ ಬಾಗಿಲಂತೆ. ಅಲ್ಲೊಬ್ಬ ಮುದುಕರು ನಿಂತಿದ್ದರು. ಹಿಂದೆ ಬಸ್ ಕಂಡಕ್ಟರ್ ಆಗಿದ್ದವರು, ಈಗಲೂ ಸಾಲು ಕಂಡರೆ ಸಾಕು, "ಮುಂದೆ ಸರೀರಿ, ಒಳಗೆ ಜಾಗ ಇದೆ" ಅನ್ನುತ್ತಾರೆ. ನನ್ನನ್ನು ನೋಡಿದ್ದೇ "ಸಹಾಯಕ್ಕೆ ಬಂದ್ರಾ ತಾಯಿ, ಒಳ್ಳೇ ಹೊತ್ತಿಗೆ ಬಂದ್ರಿ" ಅಂತ ಒಂದು ಏಪ್ರನ್ ಕೈಗಿಟ್ಟರು. ಇಲ್ಲ, ನಾನು ದಿನಸಿಗೆ ಬಂದವಳು ಅನ್ನಲು ನಾಲಿಗೆ ಹೊರಳಲಿಲ್ಲ. ಹೂಂ ಅಂದೆ, ಚೀಲವನ್ನು ಮೊಳೆಗೆ ತಗುಲಿಹಾಕಿದೆ, ಏಪ್ರನ್ ಕಟ್ಟಿಕೊಂಡೆ. ಅದರ ಲಾಡಿಯ ಹೊಲಿಗೆ ಬಿಟ್ಟಿತ್ತು, ಅದನ್ನೂ ಸರಿಮಾಡಿಕೊಟ್ಟೆ. ಸಂಜೆಯವರೆಗೆ ಬೇರೆಯವರ ಚೀಲ ತುಂಬಿಸಿ, ನನ್ನ ಖಾಲಿ ಚೀಲ ಮಡಚಿಕೊಂಡು ಮನೆಗೆ ಬಂದು ನೀರು ಕುಡಿದು ಮಲಗಿದೆ.

ಮುಂದಿನ ಮಂಗಳವಾರ ಹೇಳಿಬಿಡೋಣ ಅಂತ ಹೋದರೆ ಅಷ್ಟು ಹೊತ್ತಿಗೆ ನನಗೊಂದು ಮೇಜು, ನನ್ನದೇ ಒಂದು ಕತ್ತರಿ ಆಗಿತ್ತು. ಹೀಗೇ ಐದು ಮಂಗಳವಾರ. ಕೆಲಸವಂತೂ ಹಿಡಿಸಿತು ಮಗಳೇ. ಅಲ್ಲಿ ಕಟ್ಟಿಟ್ಟ ಗಂಟು ಕೊಟ್ಟು ಕಳಿಸುವುದಿಲ್ಲ. ಅಂಗಡಿಯ ಹಾಗೆ ಕಪಾಟುಗಳಿವೆ, ಬಂದವರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯವರಿಗೆ, ಹಸುಗೂಸು ಇರುವವರಿಗೆ ಬೇರೆ ಬೇರೆ ಮೂಲೆ. ಶುಕ್ರವಾರ ಶಾಲೆಮಕ್ಕಳ ಬ್ಯಾಗಿಗೆ ಎರಡು ರಜಾದಿನದ ಊಟ ಯಾರಿಗೂ ಕಾಣದ ಹಾಗೆ ಸೇರಿಸಿ ಕಳಿಸುತ್ತಾರೆ. ಓಡಾಡಲಾಗದ ಮುದುಕರ ಮನೆಗೆ ವ್ಯಾನು ಹೋಗುತ್ತದೆ. ಡ್ರೈವರ್ ದಿನಸಿ ಇಳಿಸಿ ಹಾಗೇ ಬರುವಂತಿಲ್ಲ, ಪ್ರತಿ ಮನೆಯಲ್ಲೂ ಹತ್ತು ನಿಮಿಷ ಕೂತು ಮಾತಾಡಿಯೇ ಬರಬೇಕು ಅಂತ ಅಲ್ಲಿನ ಪದ್ಧತಿ. ಆ ಪುಣ್ಯಾತ್ಮನೋ ಮಾತಿನ ಮಲ್ಲ, ಹತ್ತು ನಿಮಿಷ ಅವನಿಗೆ ಕೆಮ್ಮಲಿಕ್ಕೂ ಸಾಲದು, ಕೊನೆಯ ಮನೆಯ ಅಜ್ಜನಿಗೆ ಬೆಳಗಿನ ಬ್ರೆಡ್ಡು ಸಿಗುವುದು ಸಂಜೆಗೆ. ಇಷ್ಟೆಲ್ಲ ಇದ್ದ ಕಡೆ ನನ್ನ ಪಾಲಿಗೆ ಏಪ್ರನ್ ಒಂದೇ. ಯಾರಾದರೂ "ಊಟ ಆಯ್ತಾ ತಾಯಿ" ಅಂದರೆ "ಆಯ್ತು, ಹೊಟ್ಟೆ ತುಂಬಿದೆ, ನನ್ನ ಚಿಂತೆ ಬೇಡ" ಅನ್ನುತ್ತಿದ್ದೆ. ಹೇಳಿ ಹೇಳಿ ಅದು ಬಾಯಿಪಾಠವಾಗಿತ್ತು.

ಇವತ್ತು ಅಡುಗೆ ಪಾಠವಿತ್ತು. ಭಂಡಾರ ನಡೆಸುವ ಮೇಡಂ ಮೊದಲು ಗಣಿತದ ಟೀಚರ್, ಕನ್ನಡಕ ಹಣೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುವವರು. ಒಂದು ಕುಂಬಳಕಾಯಿ, ಒಂದು ಡಬ್ಬ ಹುರುಳಿಕಾಯಿ ಇಟ್ಟುಕೊಂಡು ಮೂರು ದಿನ ಹೇಗೆ ಅಡುಗೆ ಮಾಡುವುದು ಅಂತ ಲೆಕ್ಕ ಬಿಡಿಸಿದಂತೆ ಹೇಳಿಕೊಟ್ಟರು. ಕೊನೆಗೆ ರುಚಿ ನೋಡಿ ಅಂತ ಎಲ್ಲರಿಗೂ ಬಟ್ಟಲಲ್ಲಿ ಎರಡೆರಡು ಚಮಚ ಸೂಪು ಹಾಕಿದರು. ಬೇರೆಯವರು ಉಪ್ಪು ಸರಿಯಿದೆಯೋ ಇಲ್ಲವೋ ಅಂತ ಮಾತಾಡುತ್ತಿದ್ದಾಗ ನಾನು ಬಟ್ಟಲಿನ ತಳವನ್ನು ಬೆರಳಿನಿಂದ ಬಳಿಯುತ್ತಿದ್ದೆ. ನನಗೇ ಗೊತ್ತಾಗಿರಲಿಲ್ಲ. ತಲೆಯೆತ್ತಿದರೆ ಮೇಡಂ ನನ್ನನ್ನೇ ನೋಡುತ್ತಿದ್ದರು. ಸೌಟು ಹಿಡಿದು ಬಂದು ನನ್ನ ಬಟ್ಟಲು ತುಂಬಿಸಿದರು, ಅದು ಮುಗಿದ ಮೇಲೆ ಇನ್ನೊಮ್ಮೆ ತುಂಬಿಸಿದರು.

ಎಲ್ಲರೂ ಹೋದ ಮೇಲೆ ಮೊಳೆಯಿಂದ ನನ್ನ ಚೀಲ ತೆಗೆದುಕೊಂಡು ಬಂದರು. "ಮೊದಲ ವಾರವೇ ನೋಡಿದೆ ಇದನ್ನ. ಖಾಲಿ ಬರುತ್ತೆ, ಖಾಲಿ ಹೋಗುತ್ತೆ. ಕೇಳಿದ್ರೆ ನೀವು ಮತ್ತೆ ಬರಲ್ಲ ಅಂತ ಹೆದರಿ ಸುಮ್ಮನಿದ್ದೆ. ನಂದೇ ತಪ್ಪು" ಅಂದರು. ತಪ್ಪು ನನ್ನದು, ಕ್ಷಮೆ ಕೇಳಿದವರು ಅವರು. ನನಗೆ ಅಳು ತಡೆಯಲಾಗಲಿಲ್ಲ. ಕಂಡಕ್ಟರ್ ಬಂದು ತಮ್ಮ ಏಪ್ರನ್ ಬಿಚ್ಚುತ್ತಾ, "ನಾನೂ ಮೂರು ವರ್ಷದಿಂದ ಚೀಲ ತುಂಬಿಸ್ಕೊಂಡೇ ಹೋಗ್ತಿದ್ದೀನಿ ತಾಯಿ. ಬಸ್ಸಲ್ಲಿ ಕಂಡಕ್ಟರೂ ಊರು ಸೇರಬೇಕಲ್ವಾ" ಅಂದರು. ಅಳುವಿನ ನಡುವೆ ನಗು ಬಂತು. ಅಕ್ಕಿ, ಬೇಳೆ, ಎಣ್ಣೆ, ಆಲೂಗಡ್ಡೆ ನಾನೇ ಆರಿಸಿಕೊಂಡೆ. ಈಗ ಒಲೆಯ ಮೇಲೆ ಅನ್ನವಿದೆ, ಅದರ ಪರಿಮಳದಲ್ಲಿ ಕೂತು ಬರೆಯುತ್ತಿದ್ದೇನೆ. ಮುಂದಿನ ಮಂಗಳವಾರವೂ ಹೋಗುತ್ತೇನೆ, ಎರಡೂ ಬಾಗಿಲು ನನ್ನವೇ.

ನಿನ್ನ ರೂಮಿನ ಗೆಳತಿಗೆ ನಾನು ಕೇಳಿದೆನೆಂದು ಹೇಳು. ನಿನ್ನ ಕೈಗುಣ ಒಳ್ಳೆಯದಾಗಲಿ, ನಿನ್ನ ವಾರ್ಡಿನವರೆಲ್ಲ ಬೇಗ ಎದ್ದು ಮನೆಗೆ ಹೋಗಲಿ.

ಇಂತಿ,
ಬಿಂಕದ ನಿನ್ನ ಅಮ್ಮ

ತಾ.ಕ.: ಅನ್ನ ಇಳಿಸಿ ಬಂದು ನಿನ್ನ ಮೂರು ಕಾಗದಗಳನ್ನೂ ತೆಗೆದು ಮತ್ತೆ ಓದಿದೆ. ಮೂರರಲ್ಲೂ "ಊಟ ಆಯ್ತು, ಹೊಟ್ಟೆ ತುಂಬಿದೆ, ನನ್ನ ಚಿಂತೆ ಬೇಡ" ಅಂತಿದೆ. ಎರಡು ತಿಂಗಳಲ್ಲಿ ಸೊಂಟ ಎರಡು ಇಂಚು ಇಳಿದಿದೆ ಮಗಳೇ. ಅಳತೆ ಪಟ್ಟಿ ಹಿಡಿದೇ ಬದುಕಿದವಳ ಕಣ್ಣಿಗೆ ಮಣ್ಣೆರಚುತ್ತೀಯಾ? ಮೇಡಂ ಹೇಳುವಂತೆ ನಿನ್ನ ಕಾಲೇಜಿನ ಹಿಂದಿನ ಬೀದಿಯಲ್ಲೂ ಇಂಥದ್ದೇ ಭಂಡಾರವಿದೆಯಂತೆ, ಶುಕ್ರವಾರ ಮಧ್ಯಾಹ್ನ ಓದುವ ಮಕ್ಕಳಿಗೇ ಅಂತ ತೆರೆದಿರುತ್ತದಂತೆ. ನೀಲಿ ಚೀಲವನ್ನು ಸಮವಸ್ತ್ರದ ಮಡಿಕೆಯಲ್ಲಿ ಇಟ್ಟಿದ್ದೇನೆ. ಸಾಲಿನ ಬಾಗಿಲಿಗೇ ಹೋಗು. ಯಾರಾದರೂ ಏಪ್ರನ್ ಕೊಟ್ಟರೆ ಮೊದಲು ಚೀಲ ತುಂಬಿಸಿಕೊಂಡು ಆಮೇಲೆ ಕಟ್ಟಿಕೋ. ಚೀಲದ ಹಿಡಿಗೆ ಎರಡು ಸಾಲು ಹೊಲಿಗೆ ಹಾಕಿದ್ದೇನೆ, ಎಷ್ಟು ಭಾರವಾದರೂ ತಡೆಯುತ್ತದೆ. ಸಮವಸ್ತ್ರದ ಸೊಂಟಕ್ಕೆ ಮಾತ್ರ ಬರೀ ಕಚ್ಚಾ ಹೊಲಿಗೆ. ಬಟ್ಟೆ ಕತ್ತರಿಸಿಲ್ಲ, ಬೇಗ ಬಿಚ್ಚುವ ಹಾಗಿರಲಿ ಅಂತ.