ನಿಮ್ಮ ಬದಲು ನಾನು ಹೇಳಿದ ‘ಬೇಡ’

ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ 9, ಭಾನುವಾರ

ಪ್ರೀತಿಯ ಅಪ್ಪಾ,

ಹೇಗಿದ್ದೀರಿ? ಅತ್ತೆಯ ಮನೆಯಲ್ಲಿ ಕೂರಲು ಮೆತ್ತನೆಯದು ಏನಾದರೂ ಇದೆಯೇ? ರಕ್ತ ಹೋಗುವುದು ಕಡಿಮೆಯಾಯಿತೇ? ಹೇಳಲು ನಾಚಿಕೊಂಡು ಸುಮ್ಮನಿರಬೇಡಿ, ಅವರು ನಿಮ್ಮ ಸ್ವಂತ ತಂಗಿ. ಇಲ್ಲಿ ಎರಡನೇ ಕುರ್ಚಿಯ ಚಿಕ್ಕಪ್ಪ ಒಬ್ಬರೇ ಎರಡೂ ಕುರ್ಚಿ ನೋಡಿಕೊಳ್ಳುತ್ತಿದ್ದಾರೆ. ನಾನು ಕೂದಲು ಗುಡಿಸುತ್ತೇನೆ, ಟವೆಲ್ ಒಗೆಯುತ್ತೇನೆ. ಮೊನ್ನೆ ಒಬ್ಬರ ಕುತ್ತಿಗೆಗೆ ಬಟ್ಟೆ ಕಟ್ಟಲು ಹೋಗಿ ಉಸಿರೇ ಕಟ್ಟಿಸಿಬಿಟ್ಟೆ. “ಕ್ರಾಂತಿ ಆಮೇಲೆ ಮಾಡುವಿಯಂತೆ ಕಣಪ್ಪಾ, ಮೊದಲು ಗಂಟು ಸಡಿಲ ಮಾಡು” ಅಂದರು.

ಫೋನ್ ಮಾಡಬಹುದಿತ್ತು. ಮಾಡಿದರೆ ಮತ್ತೆ ನಾನೇ ಮಾತಾಡುತ್ತೇನೆ, ನೀವು ಹೂಂಗುಟ್ಟುತ್ತೀರಿ. ಅದಕ್ಕೇ ಬರೆದು ನಾಳೆ ಬೆಳಗಿನ ಬಸ್ಸಿನಲ್ಲಿ ಕಳಿಸುತ್ತಿದ್ದೇನೆ.

ಶುಕ್ರವಾರ ಚಿಕ್ಕಪ್ಪ ನನ್ನ ಗಡ್ಡ ಬೋಳಿಸುತ್ತಿದ್ದರು. ಕತ್ತಿ ಗಂಟಲ ಮೇಲಿದ್ದಾಗ ಇವನು ವಾದಕ್ಕೆ ಇಳಿಯಲಾರ ಎಂದು ಕಾದಿದ್ದರೋ ಏನೋ, ಆಗ ಹೇಳಿದರು: “ನಿಮ್ಮಪ್ಪನಿಗೆ ಆ ಚಿಕಿತ್ಸೆ ಬೇಕಾಗಿತ್ತು ಕಣೋ. ಅವರು ಬೇಡ ಅಂದ್ರು ಅಂತ ನೀನು ಕರಪತ್ರದಲ್ಲಿ ಅಚ್ಚು ಹಾಕಿಸಿಬಿಟ್ಟೆ. ಮಗನ ಮಾತು ಸುಳ್ಳಾಗಬಾರದು ಅಂತ ಆಮೇಲೆ ನಿಜವಾಗ್ಲೂ ಬೇಡ ಅಂದ್ರು.” ನನಗೆ ಉಗುಳು ನುಂಗಲೂ ಆಗಲಿಲ್ಲ, ಕತ್ತಿ ಅಲ್ಲೇ ಇತ್ತು.

ಅಂದು ಡಾಕ್ಟರಮ್ಮನ ಕೋಣೆಯಲ್ಲಿ ನಡೆದದ್ದನ್ನು ಆಮೇಲೆ ಎಷ್ಟು ಸಲ ನೆನೆದೆನೋ. ಆಪರೇಷನ್‌ಗೆ ಮೊದಲು ವಿಕಿರಣ ಮತ್ತು ಕೀಮೋ ಎಲ್ಲರಿಗೂ ಕೊಡುವಂತೆಯೇ ಕೊಡುತ್ತೇವೆ, ಜೊತೆಗೆ ಮೈಯ ರೋಗನಿರೋಧಕ ಶಕ್ತಿಯನ್ನು ಎಬ್ಬಿಸುವ ಇಂಜೆಕ್ಷನ್ ಸೇರಿಸಿ ನೋಡುವ ಅಧ್ಯಯನವೊಂದಿದೆ, ಸೇರುತ್ತೀರಾ ಎಂದು ಅವರು ಕೇಳಿದರು. ನೀವು ಏನೋ ಕೇಳಲು ಬಾಯಿ ತೆರೆದಿರಿ. ಅಷ್ಟರಲ್ಲಿ ನಾನು “ನಮ್ಮಪ್ಪ ಪ್ರಯೋಗದ ಇಲಿ ಅಲ್ಲ” ಎಂದು ಶುರುಮಾಡಿದೆ. ಓದಿದ ಕರಪತ್ರಗಳೆಲ್ಲ ಬಾಯಿಂದ ಬಂದವು. ನೀವು “ಯೋಚಿಸಿ ಹೇಳ್ತೀವಿ” ಎಂದಷ್ಟೇ ಹೇಳಿ ಎದ್ದಿರಿ. ನೀವಿನ್ನೂ ಯೋಚಿಸುತ್ತಿರುವಾಗಲೇ ನಾನು ‘ಬಡವರ ಮೈ ಪ್ರಯೋಗಶಾಲೆಯಲ್ಲ’ ಎಂಬ ಕರಪತ್ರ ಬರೆದು, ಒಬ್ಬ ಕ್ಷೌರಿಕ ತಲೆಯೆತ್ತಿ ನಿರಾಕರಿಸಿದ ಕಥೆಯನ್ನು ಅದರಲ್ಲಿ ಸೇರಿಸಿ ಅಚ್ಚಿಗೆ ಕೊಟ್ಟೆ. ಗೆಳೆಯರು ಚಪ್ಪಾಳೆ ತಟ್ಟಿದರು. ಗಿರಾಕಿಯೊಬ್ಬರು ಮುಖದ ತುಂಬ ನೊರೆ ಇಟ್ಟುಕೊಂಡೇ ನಿಮ್ಮ ಕೈ ಕುಲುಕಿದರಂತೆ. ನಿಮಗೆ ಸುದ್ದಿ ತಿಳಿದದ್ದೇ ಹಾಗಂತೆ.

ಇನ್ನೂ ನಾಚಿಕೆಗೇಡಿನದೊಂದಿದೆ. ಯಾವ ಸತ್ಯಕ್ಕೂ ಹೆದರದ ನಾನು ಅದರಲ್ಲಿ ‘ಹೊಟ್ಟೆಯ ಗಡ್ಡೆ’ ಎಂದು ಬರೆದಿದ್ದೆ. ಗುದನಾಳ ಎಂಬ ಪದ ಬರೆಯಲು ಕೈ ಬರಲಿಲ್ಲ. ನಿಮ್ಮ ರೋಗದ ಹೆಸರಿಗೆ ನಾಚಿಕೊಂಡೆ, ನಿಮ್ಮ ಬಾಯಿ ಮುಚ್ಚಿಸುವಾಗ ನಾಚಿಕೆಯಾಗಲಿಲ್ಲ.

ನಿನ್ನೆ ಡಾಕ್ಟರಮ್ಮನ ಹತ್ತಿರ ಹೋಗಿದ್ದೆ. ಮುಖ ಕಂಡ ಕೂಡಲೇ “ಇವತ್ತು ಭಾಷಣ ಎಷ್ಟು ಹೊತ್ತು?” ಅಂದರು. ನೀವು ಅಂದು ಕೇಳಬೇಕೆಂದಿದ್ದ ಪ್ರಶ್ನೆಯನ್ನು ಚಿಕ್ಕಪ್ಪ ನನಗೆ ಹೇಳಿದ್ದರು: ಆಪರೇಷನ್ ಆದ ಮೇಲೆ ಮಲ ಹೊರಬರಲು ಹೊಟ್ಟೆಗೆ ಚೀಲ ಕಟ್ಟಿದರೆ, ಗಿರಾಕಿಯ ಮುಖದ ಹತ್ತಿರ ಬಗ್ಗಿದಾಗ ಅವನಿಗೆ ವಾಸನೆ ಬರುತ್ತದೆಯೇ? ಅದನ್ನೇ ಕೇಳಿದೆ. ಅವರು ಪೆನ್ನು ಕೆಳಗಿಟ್ಟರು. ಈಗಿನ ಚೀಲಗಳಲ್ಲಿ ಸಾಮಾನ್ಯವಾಗಿ ವಾಸನೆ ಹೊರಗೆ ಬರುವುದಿಲ್ಲ, ಅದನ್ನು ಕಟ್ಟಿಕೊಂಡು ಎಲ್ಲ ಕೆಲಸ ಮಾಡುವವರಿದ್ದಾರೆ ಎಂದರು. ನಿಮ್ಮ ಗಡ್ಡೆ ತೀರ ಕೆಳಗಿದೆಯಂತೆ; ಆಪರೇಷನ್‌ಗೆ ಮೊದಲೇ ಅದು ಚೆನ್ನಾಗಿ ಕುಗ್ಗಿದರೆ ಸಹಜ ದಾರಿಯನ್ನೇ ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚುತ್ತದೆ. ವಿಕಿರಣದಿಂದ ಗಡ್ಡೆಯ ಜೀವಕೋಶಗಳು ಸಾಯುವಾಗ ಮೈಯ ಕಾವಲಿನವರಿಗೆ, ಅಂದರೆ ರೋಗನಿರೋಧಕ ಕಣಗಳಿಗೆ, ಅದರ ಗುರುತು ಸಿಗಬಹುದು, ಆಗ ಈ ಇಂಜೆಕ್ಷನ್ ಅವರ ಕೈಗೆ ಹಾಕಿದ ಕಟ್ಟನ್ನು ಬಿಚ್ಚುತ್ತದೆ. ಮೂರನ್ನೂ ಸೇರಿಸುವುದು ಅದಕ್ಕೇ ಅಂತೆ. ಆಮೇಲೆ ಅವರೇ ಅಂದರು: “ಗ್ಯಾರಂಟಿ ಕೊಡಲ್ಲ. ಹೆಚ್ಚು ಲಾಭ ಇದೆಯಾ ಅಂತ ಗೊತ್ತಿದ್ದಿದ್ರೆ ಅಧ್ಯಯನ ಯಾಕೆ ಬೇಕಿತ್ತು? ಕಾವಲಿನವರು ತಿರುಗಿ ನಿಮ್ಮ ಅಪ್ಪನ ಶ್ವಾಸಕೋಶಕ್ಕೋ ಕರುಳಿಗೋ ಹೊಡೆಯೋದೂ ಉಂಟು. ಬೇಡ ಅನ್ನೋ ಹಕ್ಕು ಅವರಿಗಿದೆ. ಆದ್ರೆ ಬೇಡ ಅಂದಿದ್ದು ಅವರಾ, ನೀವಾ?”

ಔಷಧಿ ಕಂಪನಿಗಳ ಮೇಲಿನ ನನ್ನ ಸಿಟ್ಟು ಇಳಿದಿಲ್ಲ, ಇಳಿಯುವುದೂ ಬೇಡ. ಆದರೆ ಬಡವರ ಮಾತನ್ನು ಯಾರೂ ಕೇಳುವುದಿಲ್ಲ ಎಂದು ಊರೆಲ್ಲ ಕೂಗಿದವನು ಪಕ್ಕದ ಕುರ್ಚಿಯಲ್ಲಿದ್ದ ಅಪ್ಪನ ಒಂದು ಪ್ರಶ್ನೆಯನ್ನು ಕೇಳಿಸಿಕೊಳ್ಳಲಿಲ್ಲ. ಕ್ಷಮಿಸಿ ಎಂದು ಬರೆದರೆ ನೀವು ತಕ್ಷಣ ಕ್ಷಮಿಸಿಬಿಡುತ್ತೀರಿ. ಅದಕ್ಕೇ ಬರೆಯಲು ಸಂಕೋಚ.

ಅತ್ತೆಗೆ ನಮಸ್ಕಾರ ತಿಳಿಸಿ. ಚಿಕ್ಕಪ್ಪ ನಿಮ್ಮ ಕತ್ತರಿಗಳಿಗೆ ಎಣ್ಣೆ ಹಾಕಿಟ್ಟಿದ್ದಾರೆ.

ನಿಮ್ಮ ಮಗ

ಮರೆತಿದ್ದೆ: ಬುಧವಾರ ಬೆಳಿಗ್ಗೆ ಡಾಕ್ಟರಮ್ಮ ನಿಮಗಾಗಿ ಸಮಯ ಇಟ್ಟಿದ್ದಾರೆ. ಅದಕ್ಕಿಂತ ತಡವಾದರೆ ವಿಕಿರಣ ಶುರುವಾಗಿಬಿಡುತ್ತದೆ, ಆಮೇಲೆ ಅಧ್ಯಯನಕ್ಕೆ ಸೇರಿಸಿಕೊಳ್ಳಲು ಆಗುವುದಿಲ್ಲವಂತೆ. ನೀವು ‘ಆಗಲಿ’ ಎಂದರೆ ನಾನು ಎಲ್ಲರ ಮುಂದೆ ಸುಳ್ಳುಗಾರನಾಗುತ್ತೇನೆ. ಆಗುತ್ತೇನೆ, ಅದಕ್ಕೆ ಹೆದರಿ ‘ಬೇಡ’ ಎನ್ನಬೇಡಿ. ಎಲ್ಲ ಕೇಳಿದ ಮೇಲೂ ನಿಮಗೇ ಬೇಡವೆನಿಸಿದರೆ ಬೇಡ. ಏನೇ ಆದರೂ ಬನ್ನಿ ಅಪ್ಪಾ. ಒಳಗೆ ನೀವೊಬ್ಬರೇ ಹೋಗಿ, ನಾನು ಬಾಗಿಲ ಹೊರಗೆ ಕೂತಿರುತ್ತೇನೆ.