ಇಪ್ಪತ್ತನಾಲ್ಕನೆಯ ಕೊಕ್ಕರೆ

ಸೂಜೌ
ಏಳನೆಯ ತಿಂಗಳ ಹನ್ನೊಂದನೆಯ ದಿನ

ನನ್ನ ಮುದ್ದಿನ ಯುನ್‌ಷ್ಯಾಳಿಗೆ ಅಮ್ಮನ ತುಂಬು ಹಾರೈಕೆಗಳು.

ನಿನಗೆ ಜ್ವರ ಬಿಟ್ಟಿತೆಂದು ಅಳಿಯಂದಿರು ಬರೆದ ಕಾಗದ ಇವತ್ತು ದೋಣಿಯವನ ಕೈಯಲ್ಲಿ ಬಂತು. ಗಂಜಿಗೆ ಉಪ್ಪು ಸಾಲದೆಂದು ಅತ್ತೆಯ ಮೇಲೆ ರೇಗಿದೆಯಂತೆ. ಓದಿ ನಗು ಬಂತು, ಹಿಂದೆಯೇ ಅಳುವೂ ಬಂತು. ರೇಗುವಷ್ಟು ಶಕ್ತಿ ಬಂದಿದೆಯೆಂದರೆ ನೀನು ಬದುಕಿಕೊಂಡೆ.

ಈಗ ಒಂದು ವಿಷಯ ಒಪ್ಪಿಕೊಳ್ಳಬೇಕು. ಗುಡಿಯ ಲು ಗುರುಗಳಿಗೆಂದು ನಾವು ಕಸೂತಿ ಹಾಕುತ್ತಿದ್ದ ಕೆಂಪು ರೇಷ್ಮೆಯ ನಿಲುವಂಗಿ ನೆನಪಿದೆಯಲ್ಲ? ಬೆನ್ನಿನ ಮೇಲೆ, ಸೂರ್ಯನೊಳಗಿನ ಮೂರು ಕಾಲಿನ ಕಾಗೆ ನನ್ನದು, ಚಂದ್ರನೊಳಗೆ ಮದ್ದು ಕುಟ್ಟುವ ಮೊಲ ಪಕ್ಕದ ಮನೆಯ ಶೆನ್ ಅಕ್ಕನದು, ಸುತ್ತಲಿನ ಇಪ್ಪತ್ತನಾಲ್ಕು ಕೊಕ್ಕರೆಗಳಲ್ಲಿ ಕೊನೆಯದು ನಿನ್ನದು. ಕೊಕ್ಕರೆಗೆ ನಾವ್ಯಾರೂ ಕಣ್ಣು ಇಡುವುದಿಲ್ಲ. ಹದಿನೈದನೆಯ ದಿನ, ದಿಕ್ಕಿಲ್ಲದೆ ಅಲೆಯುವ ಸತ್ತವರ ಪೂಜೆಯಲ್ಲಿ, ಗುರುಗಳೇ ಮಂತ್ರ ಹೇಳಿ ಕಣ್ಣು ತೆರೆಸಬೇಕು. ಆಗ ಅವು ಗುರುಗಳು ಕರೆದ ಜೀವಗಳನ್ನಷ್ಟೇ ಮೇಲಿನ ಲೋಕಕ್ಕೆ ಹೊತ್ತೊಯ್ಯುತ್ತವೆ. ಮೊದಲೇ ಕಣ್ಣು ಬಂದ ಕೊಕ್ಕರೆ, ಕಣ್ಣು ಕೊಟ್ಟವರನ್ನೇ ಹುಡುಕಿಕೊಂಡು ಹೋಗಿ ಅವರ ಜೀವವನ್ನು ಹೊತ್ತು ಹಾರುತ್ತದೆ.

ಮದುವೆಯ ಹಿಂದಿನ ದಿನ ಸಂಭ್ರಮದಲ್ಲಿ ಮೈಮರೆತು ನೀನು ನಿನ್ನ ಕೊಕ್ಕರೆಯ ಕಣ್ಣಿನ ಜಾಗಕ್ಕೊಂದು ಕಪ್ಪು ಹೊಲಿಗೆ ಹಾಕಿಬಿಟ್ಟಿದ್ದೆ. ನಾನು ನೋಡಿದ್ದೆ. ಮದುಮಗಳ ಕೈಯ ಹೊಲಿಗೆ ಬಿಚ್ಚಿದರೆ ಅಪಶಕುನವೆಂದು ಬಾಯಿ ಮುಚ್ಚಿಕೊಂಡಿದ್ದೆ. ತಪ್ಪು ನನ್ನದು ಮಗಳೇ.

ಮಂಚದ ಕಾಲ ಬಳಿ ಬಿಳಿ ಹಕ್ಕಿ ಕೂತಿದೆಯೆಂದು ನೀನು ಜ್ವರದಲ್ಲಿ ಕನವರಿಸುತ್ತಿರುವುದಾಗಿ ಅಳಿಯಂದಿರು ಹಿಂದೆ ಬರೆದಿದ್ದರಲ್ಲ, ಅವತ್ತು ಕಸೂತಿಯ ಚೌಕಟ್ಟಿಗೆ ಹೊದಿಸಿದ್ದ ಬಟ್ಟೆ ಸರಿಸಿ ನೋಡಿದೆ. ಸೂರ್ಯನ ಕಡೆಗೆ ಮುಖ ಮಾಡಿದ್ದ ನಿನ್ನ ಕೊಕ್ಕರೆಯ ಕುತ್ತಿಗೆ ದಕ್ಷಿಣಕ್ಕೆ, ನಿಮ್ಮ ಊರಿನ ಕಡೆಗೆ ತಿರುಗಿತ್ತು. ಶೆನ್ ಅಕ್ಕನನ್ನು ಕರೆದು ತೋರಿಸಿದೆ. "ಅಯ್ಯೋ, ನಿಂಗೆ ಕಣ್ಣು ಮಂಜಾಗಿದೆ ಕಣೇ, ಹೋಗಿ ಮಲಕ್ಕೋ" ಅಂದಳು. ಆದರೂ ಹೊದಿಕೆಯ ಬಟ್ಟೆಯನ್ನು ತಾನೇ ಎಳೆದು ಮುಚ್ಚಿ, ಚಹಾ ಅಲ್ಲೇ ಬಿಟ್ಟು ಮನೆಗೆ ಹೋದಳು.

ಆ ಕಣ್ಣಿನ ಹೊಲಿಗೆಯನ್ನು ನಾನು ಬಿಚ್ಚಿ ತೆಗೆದೆ. ಬೆಳಿಗ್ಗೆ ನೋಡಿದರೆ ಅದೇ ಜಾಗದಲ್ಲಿ ಕಪ್ಪು ಹೊಲಿಗೆ ಮತ್ತೆ ಇತ್ತು, ನಿನ್ನ ಕೈಯದ್ದೇ. ಮೂರು ಸಲ ಹೀಗಾಯಿತು. ನಾಲ್ಕನೆಯ ಸಲ ಬಿಚ್ಚಿದ ಕೂಡಲೇ, ನನ್ನ ತಲೆಯಲ್ಲಿ ಉಳಿದಿದ್ದ ಕಪ್ಪು ಕೂದಲೊಂದನ್ನು ಹುಡುಕಿ ಸೂಜಿಗೆ ಪೋಣಿಸಿ ನಾನೇ ಕಣ್ಣಿಟ್ಟೆ. ಮರುದಿನ ಅದು ಹಾಗೇ ಇತ್ತು. ಕುತ್ತಿಗೆ ನನ್ನ ಮಂಚದ ಕಡೆ ತಿರುಗಿತ್ತು. ನಿನ್ನ ಜ್ವರ ಬಿಟ್ಟದ್ದೂ ಅದೇ ದಿನವಂತೆ.

ನನಗೇನೂ ಆಗಿಲ್ಲ, ಗಾಬರಿಯಾಗಬೇಡ. ನಾನಾದರೆ ಹತ್ತಿರದಲ್ಲೇ ಇದ್ದೇನೆ, ಅಷ್ಟು ದೂರ ಹಾರುವ ಕಷ್ಟ ಅದಕ್ಕೂ ತಪ್ಪಿತು. ಹದಿನೈದರ ಪೂಜೆಗೆ ಬರಬೇಡ, ದೋಣಿಯಲ್ಲಿ ಶೀತಗಾಳಿ. ಕೆಂಪು ಖರ್ಜೂರ ಹಾಕಿದ ಗಂಜಿ ಕುಡಿ. ಸದ್ಯಕ್ಕೆ ಸೂಜಿ ಮುಟ್ಟಬೇಡ.

ಯಾವಾಗಲೂ ನಿನ್ನವಳೇ ಆದ
ಅಮ್ಮ

ಹೇಳುವುದು ಮರೆತಿದ್ದೆ: ನೀನು ಮಲಗುವ ಕೋಣೆಯ ಮೇಲೆ, ಹಿತ್ತಿಲ ಕಡೆ, ಮೂರು ಹಂಚು ಒಡೆದಿವೆ. ಅಳಿಯಂದಿರಿಗೆ ಹೇಳಿ ಹೊಸದು ಹಾಕಿಸು. ನಿಮ್ಮ ಊರಿಗೆ ನಾನು ಒಮ್ಮೆಯೂ ಬಂದವಳಲ್ಲ, ಹೇಗೆ ಗೊತ್ತಾಯಿತೆಂದು ಕೇಳಬೇಡ. ನಿನ್ನೆ ಮಧ್ಯಾಹ್ನ ಅಂಗಳದಲ್ಲಿ ಕೂದಲು ಒಣಗಿಸುತ್ತ ಕೂತಿದ್ದೆಯಲ್ಲ, ತುಂಬ ಬಡವಾಗಿದ್ದೀಯ ಮಗಳೇ. ಒಮ್ಮೆ ತಲೆಯೆತ್ತಿ ನೋಡುತ್ತೀಯೇನೋ ಅಂದುಕೊಂಡೆ.